ಗಂಟೆಗೆ ಎಷ್ಟು ಬಿತ್ತು?

ಮೊನ್ನೆ ರಾತ್ರಿ ಪೂರ್ತಿ ಬೆಲೆ ಕೊಟ್ಟು ಒಂದು ಗೇಮ್ ಕೊಂಡೆ. ಇವತ್ತು ಬೆಳಿಗ್ಗೆ ಅದು ಅರ್ಧ ಬೆಲೆಗೆ ಇಳಿದಿದೆ. ಇಳಿದಿದ್ದು ಹಾಗಿರಲಿ, ಅಂಗಡಿಯವರು ಸುಮ್ಮನಾದರೂ ಇರಬಹುದಿತ್ತಲ್ಲ? ಇಲ್ಲ. ‘ನಿಮಗೆ ಇಷ್ಟವಾಗಬಹುದಾದ ಗೇಮ್ ಸೇಲ್‌ನಲ್ಲಿದೆ’ ಅಂತ ಇಮೇಲ್ ಕಳಿಸಿದ್ದಾರೆ. ಇಷ್ಟವಾಗಿದೆ ಸ್ವಾಮಿ, ಅದಕ್ಕೇ ಕೊಂಡಿದ್ದು.

ಸರಿ, ವಾಪಸ್ ಕೊಟ್ಟು ಅರ್ಧಕ್ಕೆ ಮತ್ತೆ ಕೊಳ್ಳೋಣ ಅಂದುಕೊಂಡೆ. ನಾನು ಕೊಳ್ಳುವ ಆನ್‌ಲೈನ್ ಅಂಗಡಿಯಲ್ಲಿ ರಿಫಂಡ್‌ಗೆ ಒಂದು ನಿಯಮವಿದೆ. ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು. ಬಂದೂಕು ಹಿಡಿದು ಓಡುವ ಗೇಮ್ ಆದರೆ 2 ಗಂಟೆ ಧಾರಾಳ. ಅಷ್ಟರಲ್ಲಿ ಊರೇ ಸುಟ್ಟು ಹೋಗಿರುತ್ತದೆ, ಗೇಮ್ ಹೇಗಿದೆ ಅಂತ ಗೊತ್ತಾಗಿರುತ್ತದೆ. ಆದರೆ ನನ್ನ ರುಚಿ ಬೇರೆ. ನಾನು ಆಡುವುದು ಜಪಾನಿನಲ್ಲಿ ಹುಟ್ಟಿ, ವರ್ಷಗಟ್ಟಲೆ ಕಾದು ಇಂಗ್ಲಿಷಿಗೆ ಬಂದ, ಎಲ್ಲೋ ಕೆಲವರು ಮಾತ್ರ ಕೊಳ್ಳುವ, ಮಾತೇ ಮಾತಿರುವ ಆರ್‌ಪಿಜಿಗಳು, ಅಂದರೆ ಹೀರೋನ ಪಾತ್ರ ಹೊತ್ತು ಉದ್ದನೆಯ ಕಥೆಯೊಂದರಲ್ಲಿ ಸಾಗುವ ಗೇಮ್‌ಗಳು. ಇವುಗಳಲ್ಲಿ 2 ಗಂಟೆ ಕಳೆಯುವ ಹೊತ್ತಿಗೆ ಹೀರೋ ಹಾಸಿಗೆ ಬಿಟ್ಟು ಎದ್ದಿರುತ್ತಾನೆ. ಅಷ್ಟೇ.

ಅವನಿಗೆ ಮೊದಲು ಒಂದು ಕನಸು ಬೀಳಬೇಕು. ಕನಸಿನಲ್ಲಿ ಯಾರೋ ಬಿಳಿ ಬಟ್ಟೆಯವರು ಅರ್ಧ ವಾಕ್ಯ ಹೇಳಿ ಮಾಯವಾಗಬೇಕು. ಪಕ್ಕದ ಮನೆಯ ಬಾಲ್ಯದ ಗೆಳತಿ ಬಂದು ಎಬ್ಬಿಸಬೇಕು. ಇವನು ಇನ್ನೈದು ನಿಮಿಷ ಅನ್ನಬೇಕು, ಅವಳು ಬೈಯಬೇಕು. ಕೆಳಗಿಳಿದರೆ ಅಮ್ಮ, ಹೊರಗೆ ಬಂದರೆ ಊರವರು. ಪ್ರತಿಯೊಬ್ಬರೂ ಇವತ್ತು ಹಬ್ಬ ಅಂತ ಹೇಳುತ್ತಾರೆ. ಆಮೇಲೆ ಒಬ್ಬ ಅಜ್ಜ ಬಂದು ಕತ್ತಿ ಬೀಸಲು ಯಾವ ಬಟನ್ ಒತ್ತಬೇಕು ಅಂತ ಪಾಠ ಮಾಡುತ್ತಾನೆ. ಕೊನೆಗೊಮ್ಮೆ ಹೀರೋ ಊರ ಬಾಗಿಲು ದಾಟಿ, ಪರದೆಯ ಮೇಲೆ ಗೇಮ್‌ನ ಹೆಸರು ದೊಡ್ಡದಾಗಿ ಮೂಡುವ ಹೊತ್ತಿಗೆ ರಿಫಂಡ್‌ನ ಬಾಗಿಲು ಮುಚ್ಚಿರುತ್ತದೆ. ಕಥೆ ಶುರುವಾಗುವ ಮೊದಲೇ ನಾವು ಕಥೆಗೆ ಒಪ್ಪಿಗೆ ಕೊಟ್ಟಾಗಿದೆ.

ಇದೆಲ್ಲ ಒಂದು ತೂಕ. ನಮ್ಮ ಭಾವನಿಗೆ ವಿಷಯ ಗೊತ್ತಾಗಿದ್ದು ಇನ್ನೊಂದು ತೂಕ.

ಭಾವ ಒಳ್ಳೆಯವರು. ಆದರೆ ಜಗತ್ತಿನಲ್ಲಿ ಇರುವುದನ್ನೆಲ್ಲ ಯಾವುದಾದರೂ ಒಂದರಿಂದ ಭಾಗಿಸದೆ ಅವರಿಗೆ ಸಮಾಧಾನವಿಲ್ಲ. ಶೂ ಕೊಂಡರೆ ಕಿಲೋಮೀಟರಿಗೆ ಎಷ್ಟು ಬಿತ್ತು ಅಂತ ನೋಡುತ್ತಾರೆ. ಮದುವೆ ಆಲ್ಬಂ ಇಲ್ಲಿಯವರೆಗೆ ಎಷ್ಟು ಸಲ ತೆರೆದಿದ್ದೇವೆ, ಒಂದು ಸಲಕ್ಕೆ ಎಷ್ಟಾಯಿತು ಅಂತ ಒಮ್ಮೆ ಅಕ್ಕನ ಎದುರಿಗೇ ಲೆಕ್ಕ ಹಾಕಿದ್ದರು. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದು ಬೇಡ. ಗೇಮ್‌ಗಳ ವಿಷಯದಲ್ಲಿ ಅವರ ಪ್ರಶ್ನೆ ಒಂದೇ.

“ಎಷ್ಟು ಕೊಟ್ಟೆ?”

“ಅರವತ್ತು ಡಾಲರ್, ಭಾವ.”

“ಎಷ್ಟು ಗಂಟೆ ಆಟ?”

“ಅರವತ್ತು ಗಂಟೆ ಅಂತಾರೆ.”

“ಗಂಟೆಗೆ ಒಂದು ಡಾಲರ್. ಪರವಾಗಿಲ್ಲ.” ಒಂದು ಕ್ಷಣ ಸುಮ್ಮನಿದ್ದು, “ಇವತ್ತು ತಗೊಂಡಿದ್ರೆ ಅರ್ಧ ಡಾಲರ್ ಬೀಳ್ತಿತ್ತು, ಅಲ್ವಾ?”

ಅಲ್ಲಿಗೆ ಮುಗಿಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಪರದೆಯ ಮೇಲೆ ಡೈಲಾಗ್ ಒಂದೊಂದೇ ಅಕ್ಷರವಾಗಿ ಮೂಡುವುದನ್ನು ನೋಡಿ, ಇದರ ವೇಗ ಬದಲಾಯಿಸಬಹುದಾ ಅಂತ ಕೇಳಿದರು. ಸೆಟ್ಟಿಂಗ್ಸ್ ತೆಗೆದು ತೋರಿಸಿದೆ. ಫಾಸ್ಟ್, ನಾರ್ಮಲ್, ಸ್ಲೋ.

“ಸ್ಲೋ ಹಾಕು.”

“ಯಾಕೆ ಭಾವ?”

“ಅರವತ್ತು ಗಂಟೆ ತೊಂಬತ್ತಾಗುತ್ತೆ. ಗಂಟೆಗೆ ಎಪ್ಪತ್ತು ಸೆಂಟ್ ಕೂಡ ಬೀಳಲ್ಲ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ಸೇವ್ ಫೈಲ್‌ನಲ್ಲಿ ಆಡಿದ ಸಮಯ ಕಾಣುತ್ತದೆಂದು ಗೊತ್ತಾದ ಮೇಲಂತೂ ಅವರ ಕಣ್ಣು ಕಥೆಯ ಮೇಲೆ ಇರಲೇ ಇಲ್ಲ. ನಾನು ಫೋನ್ ಬಂತೆಂದು ಎದ್ದು ಹೋದೆ. ಅಕ್ಕ ಟಿವಿ ಆಫ್ ಮಾಡಲು ಬಂದಳು. “ಇರಲಿ ಬಿಡೇ, ಟೈಮ್ ಓಡ್ತಿದೆ, ರೇಟ್ ಇಳೀತಿದೆ” ಅಂತ ತಡೆದರಂತೆ. ಗೇಮ್‌ನಲ್ಲಿ ಬಾಸ್ ಅನ್ನುವ ದೊಡ್ಡ ಶತ್ರುವಿನ ಕೈಯಲ್ಲಿ ನಾನು ಸತ್ತಾಗ ಅವರ ಮುಖ ಅರಳಿತು. ಯಾಕೆಂದರೆ ಮತ್ತೆ ಶುರು ಮಾಡಿದರೆ ಆ ಬಾಸ್ ಹೊಡೆದಾಟಕ್ಕೆ ಮೊದಲು ಮಾಡಿದ್ದ ಉದ್ದನೆಯ ಭಾಷಣವನ್ನು ಇನ್ನೊಮ್ಮೆ ಮಾಡುತ್ತಾನೆ. ನಾನು ಸ್ಕಿಪ್ ಒತ್ತಲು ಹೋದರೆ ಕಂಟ್ರೋಲರ್ ಮೇಲೆ ಕೈ ಇಟ್ಟರು. “ದುಡ್ಡು ಕೊಟ್ಟಿದ್ದೀಯ. ಅವನು ಮಾತಾಡಲಿ.” ಭಾವನ ಲೆಕ್ಕದಲ್ಲಿ ಸೋತಷ್ಟೂ ಲಾಭ. ನಾನು ಈ ಗೇಮ್ ಯಾವತ್ತೂ ಗೆಲ್ಲದಿದ್ದರೆ ಕೊನೆಗದು ಬಿಟ್ಟಿ ಬಿದ್ದ ಹಾಗೆ.

ಈ ಲೆಕ್ಕ ಎಲ್ಲಿ ಎಡವುತ್ತದೆ ಅಂತ ಅವರಿಗೆ ಹೇಳಲು ನೋಡಿದೆ. ಇಂಥ ಗೇಮ್‌ಗಳಲ್ಲಿ ನಾವು ಗಂಟೆಗೆ ದುಡ್ಡು ಕೊಡುವುದಿಲ್ಲ. ಚಿತ್ರಕ್ಕಂತೂ ಅಲ್ಲವೇ ಅಲ್ಲ. ಹೀರೋನ ಕೂದಲು ಅವನ ಸ್ಕಾರ್ಫ್ ತೂರಿಕೊಂಡು ಹೊರಗೆ ಬರುತ್ತಿರುತ್ತದೆ. ಇಡೀ ರಾಜ್ಯದ ಅಂಗಡಿಯವರಿಗೆಲ್ಲ ಒಂದೇ ಮುಖ. ದನಿಯೂ ಅರೆಬರೆ. ಒಂದು ವಾಕ್ಯವನ್ನು ಎದೆ ತುಂಬಿ ಹೇಳುತ್ತಾರೆ. ಮುಂದಿನ ಹತ್ತು ವಾಕ್ಯಕ್ಕೆ ಬರೀ “ಹ್ಞೂಂ!” ಅನ್ನುವ ಸದ್ದು, ಮಿಕ್ಕಿದ್ದನ್ನು ನೀವೇ ಓದಿಕೊಳ್ಳಬೇಕು. ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ ದೊಡ್ಡ ಗೇಮ್‌ಗಳು 2020ರ ಸುಮಾರಿಗೆ 60ರಿಂದ 70 ಡಾಲರಿಗೆ ಏರಿದವು. ಅವುಗಳ ಪಕ್ಕದಲ್ಲೇ ಈ ಬಡಪಾಯಿಗಳೂ 60 ಡಾಲರ್ ಚೀಟಿ ಅಂಟಿಸಿಕೊಂಡು ಕೂತಿವೆ. ಯಾವ ಧೈರ್ಯದ ಮೇಲೆ?

ಮಾತಿನ ಮೇಲೆ. ಈ ಗೇಮ್‌ಗಳಲ್ಲಿ ಇರುವುದೇ ಮಾತು. ‘ಟ್ರೇಲ್ಸ್ ಇನ್ ದ ಸ್ಕೈ’ ಅನ್ನುವ ಜಪಾನಿ ಆರ್‌ಪಿಜಿ ಆಡಿದವರಿಗೆ ಗೊತ್ತು. ಕಥೆಯಲ್ಲಿ ಏನಾದರೂ ಒಂದು ನಡೆದ ತಕ್ಷಣ ಊರಿನ ಪ್ರತಿಯೊಬ್ಬನೂ ಹೊಸದೇನೋ ಹೇಳುತ್ತಾನೆ. ಬ್ರೆಡ್ ಮಾರುವವನು, ಬಾವಿ ಕಟ್ಟೆಯ ಮುದುಕ, ಕಥೆಗೆ ಸಂಬಂಧವೇ ಇಲ್ಲದ ಎಲ್ಲರೂ. ಅಷ್ಟನ್ನೂ ಯಾರೋ ಕೂತು ಬರೆದಿದ್ದಾರೆ, ಇನ್ಯಾರೋ ಕೂತು ಇಂಗ್ಲಿಷಿಗೆ ತಂದಿದ್ದಾರೆ. ಜಪಾನಿಯಿಂದ ಮಾಡುವ ಈ ಕೆಲಸಕ್ಕೆ ಸಾಮಾನ್ಯವಾಗಿ ಅಕ್ಷರದ ಲೆಕ್ಕದಲ್ಲಿ ದುಡ್ಡು. ಅಕ್ಷರ ಲಕ್ಷಗಟ್ಟಲೆ, ಕೊಳ್ಳುವವರು ಮಾತ್ರ ಕಡಿಮೆ. ಹತ್ತು ಲಕ್ಷ ಜನ ಹಂಚಿಕೊಳ್ಳಬೇಕಾದ ಖರ್ಚನ್ನು ಕೆಲವೇ ಸಾವಿರ ಜನ ಹೊತ್ತರೆ ತಲೆಗೆ ಜಾಸ್ತಿ ಬೀಳದೆ ಇನ್ನೇನು? ಬೆರಳೆಣಿಕೆಯ ಜನರಿದ್ದ ಒಂದು ತಂಡ 2010ರಲ್ಲಿ ‘ರೆಸೆಟಿಯರ್’ ಅನ್ನುವ ಪುಟ್ಟ ಗೇಮನ್ನು ಇಂಗ್ಲಿಷಿಗೆ ತಂದು 20 ಡಾಲರಿಗೆ ಮಾರಿತು. ಅದು ಒಂದು ಲಕ್ಷ ಪ್ರತಿ ದಾಟಿದ್ದೇ ಈ ಲೋಕದಲ್ಲಿ ದೊಡ್ಡ ಸುದ್ದಿ. ಅದೇ ತಂಡ ಮುಂದೆ ಟ್ರೇಲ್ಸ್‌ನ ಎರಡನೇ ಭಾಗವನ್ನು ಕೈಗೆತ್ತಿಕೊಂಡು ಹೈರಾಣಾಯಿತು. ಜಪಾನಿನಲ್ಲಿ 2006ಕ್ಕೆ ಬಂದಿದ್ದ ಆ ಗೇಮ್ ಇಂಗ್ಲಿಷಿನಲ್ಲಿ ಸಿಗುವ ಹೊತ್ತಿಗೆ 2015. ಮೊದಲ ಭಾಗವೋ 2011ರಲ್ಲೇ ಬಂದಿತ್ತು, ಅದೂ ಎದೆ ಧಸಕ್ಕೆನ್ನುವ ಜಾಗದಲ್ಲಿ ನಿಲ್ಲಿಸಿ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಜನ ಹಾಗೇ ಬಾಯಿ ಬಿಟ್ಟುಕೊಂಡು ಕಾದರು.

ಹಾಗಂತ ಬೆಲೆಯನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ. ಮಾತಿಗೇ ದುಡ್ಡು ತೆಗೆದುಕೊಂಡ ಮೇಲೆ ಆ ಮಾತು ನೆಟ್ಟಗಿರಬೇಕಲ್ಲವಾ? ನನ್ನ ಈ ಹೊಸ ಗೇಮ್‌ನಲ್ಲಿ ಒಬ್ಬನೇ ಖಳನಾಯಕನ ಹೆಸರನ್ನು ಮೂರು ಕಡೆ ಮೂರು ತರಹ ಬರೆದಿದ್ದಾರೆ. ಇವರು ಮೂವರು ಅಣ್ಣತಮ್ಮಂದಿರು ಅಂದುಕೊಂಡು ಬಹಳ ಹೊತ್ತು ಆಡಿದೆ. ಒಂದು ದುಃಖದ ದೃಶ್ಯದಲ್ಲಿ ವಾಕ್ಯ ಉದ್ದವಾಗಿ, ಡೈಲಾಗ್ ಪೆಟ್ಟಿಗೆ ದಾಟಿ, ಸಾಯುತ್ತಿರುವ ತಂದೆಯ ಮುಖದ ಮೇಲೆ ಹರಿದು ಹೋಯಿತು. ಅವನು ಕೊನೆಗೆ ಹೇಳಿದ ಗುಟ್ಟು ಪರದೆಯ ಆಚೆ ಎಲ್ಲೋ ಬಿದ್ದಿದೆ. ಹೀರೋಗೆ ಮಾತ್ರ ಪೂರ್ತಿ ಗೊತ್ತಾಗಿ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅಳಲು ತಯಾರಿದ್ದೆ, ಕಾರಣ ಗೊತ್ತಾಗಲಿಲ್ಲ. ಬಿಡುಗಡೆಗೆ ಮೊದಲು ಒಬ್ಬನೇ ಒಬ್ಬ ಒಂದೇ ಒಂದು ಸಲ ಓದಿದ್ದರೂ ಇದು ಕಣ್ಣಿಗೆ ಬೀಳುತ್ತಿತ್ತು. ಆ ಒಬ್ಬನ ಸಂಬಳ ಉಳಿಸಿ, ಅದೇ ಕೆಲಸ ಮಾಡಲು ನನ್ನಿಂದ 60 ಡಾಲರ್ ಕಿತ್ತುಕೊಂಡಿದ್ದಾರೆ. ಇದರ ಮೇಲೆ ಹೀರೋನ ಈಜುಡುಗೆ ಬೇಕಾದರೆ ಬೇರೆ ದುಡ್ಡು. ಇಂಥ ಹೆಚ್ಚುವರಿ ಸಾಮಾನು ಮಾರುವ ಡಿಎಲ್‌ಸಿ ಪುಟದಲ್ಲಿ ಮಾತ್ರ ಒಂದು ಕಾಗುಣಿತ ತಪ್ಪಿಲ್ಲ.

ಜನ ಗಲಾಟೆ ಮಾಡಿದರೆ ಕೆಲವೊಮ್ಮೆ ಕೆಲಸ ಆಗುತ್ತದೆ. 2017ರಲ್ಲಿ ‘ಈಸ್ 8’ ಅನ್ನುವ ಇನ್ನೊಂದು ಜಪಾನಿ ಗೇಮ್ ಇಂಗ್ಲಿಷಿನಲ್ಲಿ ಬಂದಾಗ ಓದಿದವರೆಲ್ಲ ಬೈದರು. ಪ್ರಕಾಶಕರು ಕ್ಷಮೆ ಕೇಳಿ, ಮತ್ತೆ ಅನುವಾದ ಮಾಡಿಸಿ, 2018ರಲ್ಲಿ ಗೇಮನ್ನು ಸರಿಪಡಿಸುವ ಪ್ಯಾಚ್ ಕೊಟ್ಟರು. ಮೊದಲ ದಿನವೇ ಪೂರ್ತಿ ಬೆಲೆ ಕೊಟ್ಟು ಆಡಿ ಮುಗಿಸಿದ್ದವರು ಏನು ಮಾಡಬೇಕಿತ್ತು? ಇನ್ನೊಮ್ಮೆ ಆಡಬೇಕಿತ್ತು. ಭಾವ ಇದನ್ನು ಕೇಳಿ, “ಹಾಗಾದ್ರೆ ಗಂಟೆಗೆ ಅರ್ಧವೇ ಬಿತ್ತಲ್ಲ” ಅಂದರು.

ಆದರೂ ನಾನು ಯಾಕೆ ಕೊಳ್ಳುತ್ತೇನೆ? ಟ್ರೇಲ್ಸ್‌ನ ಮೊದಲ ಭಾಗದಲ್ಲಿ ನಿಧಿ ಪೆಟ್ಟಿಗೆಗಳಿವೆ. ಒಂದು ಸಲ ತೆರೆದು ಖಾಲಿ ಮಾಡಿದ ಪೆಟ್ಟಿಗೆಯನ್ನು ಮತ್ತೆ ತೆರೆಯುವವರು ಯಾರು? ಯಾರೂ ಇಲ್ಲ. ಆದರೆ ಇಂಗ್ಲಿಷಿಗೆ ತಂದವರು ಆ ಖಾಲಿ ಪೆಟ್ಟಿಗೆಗಳಿಗೂ ಬೇರೆ ಬೇರೆ ತಮಾಷೆಯ ಸಾಲು ಬರೆದಿಟ್ಟಿದ್ದಾರೆ. ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಅಂಥ ಒಂದು ಸಾಲು ಎದುರಾದಾಗ ನಾನು ನಡುರಾತ್ರಿ ಒಬ್ಬನೇ ಕೂತು ನಕ್ಕಿದ್ದೇನೆ. ಇಂಥ ಗೇಮ್‌ಗೆ ಸೇಲ್ ಬರುವವರೆಗೆ ಕಾಯಲು ನನಗೆ ನಾಚಿಕೆ. ‘ಮದರ್ 3’ ಅನ್ನುವ ಆರ್‌ಪಿಜಿ ಜಪಾನಿನಲ್ಲಿ ಬಂದದ್ದು 2006ರಲ್ಲಿ, ಇವತ್ತಿಗೂ ಅದನ್ನು ಯಾರೂ ಅಧಿಕೃತವಾಗಿ ಇಂಗ್ಲಿಷಿನಲ್ಲಿ ಮಾರಿಲ್ಲ. 2008ರಲ್ಲಿ ಅಭಿಮಾನಿಗಳೇ ಬಿಡುವಿನಲ್ಲಿ ಕೂತು ಅನುವಾದ ಮಾಡಿ ಬಿಟ್ಟಿ ಹಂಚಿದರು. ಭಾವನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ, ಗಂಟೆಗೆ ಸೊನ್ನೆ. ಆದರೆ ಆ ಅನುವಾದಕ್ಕೆ ಅವರು ಸುರಿದ ಗಂಟೆಗಳನ್ನು ಯಾರೂ ಭಾಗಿಸಿ ನೋಡಿಲ್ಲ. ಅದನ್ನು ಯೋಚಿಸಿದಾಗಲೆಲ್ಲ ಸ್ವಲ್ಪ ಬೇಜಾರಾಗುತ್ತದೆ. ದುಡ್ಡು ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವವರಿಲ್ಲ.

ಇಷ್ಟನ್ನೂ ಭಾವನಿಗೆ ಹೇಳಿದೆ. ಅವರ ಕಿವಿಗೆ ಬಿದ್ದಿದ್ದು ಒಂದೇ ಮಾತು, ಅಕ್ಷರದ ಲೆಕ್ಕದಲ್ಲಿ ದುಡ್ಡು ಅನ್ನುವುದು. ಈಗ ಗಂಟೆಯ ಲೆಕ್ಕ ಕೈಬಿಟ್ಟಿದ್ದಾರೆ. ಪೆನ್ನು ಹಾಳೆ ಹಿಡಿದು ಪಕ್ಕದಲ್ಲಿ ಕೂರುತ್ತಾರೆ.

ಕಥೆಯಲ್ಲಿ ಒಬ್ಬ ಗಂಭೀರ ಹುಡುಗ ಇದ್ದಾನೆ. ಕಪ್ಪು ಕೋಟು, ಒಂದು ಕಣ್ಣು ಕೂದಲ ಹಿಂದೆ. ಏನು ಕೇಳಿದರೂ ಅವನ ಉತ್ತರ ಆರು ಚುಕ್ಕಿ. ಹೆಸರೇನು? ಚುಕ್ಕಿ. ಊಟ ಆಯಿತಾ? ಚುಕ್ಕಿ. ಅವನ ಊರು ಸುಟ್ಟು ಹೋದ ಸುದ್ದಿಗೆ ಎರಡು ಸಾಲು ಚುಕ್ಕಿ.

“ಇದಕ್ಕೂ ದುಡ್ಡು ಕೊಟ್ಟಿದ್ದೀಯಾ?”

“ಕೊಟ್ಟಿರ್ತೀನಿ, ಭಾವ.”

“ಜಪಾನಿಯಲ್ಲೂ ಚುಕ್ಕಿನೇ ಇತ್ತಾ?”

“ಇದ್ದಿರಬೇಕು.”

“ಹಾಗಾದ್ರೆ ಇದನ್ನ ಅನುವಾದ ಮಾಡಿದ್ದು ಯಾರು? ಎಷ್ಟು ತಗೊಂಡ?” ಹಾಳೆಯ ಮೇಲೆ ಇನ್ನೊಂದು ಗೀಟು ಎಳೆದು ತಲೆ ಅಲ್ಲಾಡಿಸಿದರು. “ಮುಂದಿನ ಸಲ ಜಾಸ್ತಿ ಮಾತಾಡೋ ಹುಡುಗ ಇರೋದನ್ನ ನೋಡಿ ತಗೋ.”