ಮೂರನೇ ನೀರೂ ನೀಲಿ

ನಮ್ಮ ಬಚ್ಚಲಲ್ಲಿ ಎರಡು ದಿನದಿಂದ ಒಂದು ಬಕೆಟ್ ಕೂತಿದೆ. ಅದರಲ್ಲಿ ನನ್ನ ಹೊಸ ಜೀನ್ಸ್ ಪ್ಯಾಂಟು ನೆನೆಯುತ್ತಿದೆ. ಮೂರು ಸಲ ನೀರು ಬದಲಾಯಿಸಿದ್ದಾಯಿತು, ಮೂರನೇ ನೀರೂ ನೀಲಿ. ಮನೆಯಲ್ಲಿರೋದೇ ಎರಡು ಬಕೆಟ್. ಇವತ್ತು ಬೆಳಗ್ಗೆ ನಿದ್ದೆಗಣ್ಣಲ್ಲಿ ತಪ್ಪು ಬಕೆಟ್ಟಿಗೆ ಚೊಂಬು ಹಾಕಿ ತಲೆ ಮೇಲೆ ಸುರಿದುಕೊಂಡೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ.

ಹೊಸ ಬಟ್ಟೆಯನ್ನು ಒಗೆಯದೆ ಹಾಕಿಕೊಳ್ಳಬಾರದು ಅನ್ನೋದು ನನ್ನ ಹೆಂಡತಿಯ ಕಾನೂನು. ಅಂಗಡಿಯಿಂದ ಬಂದ ಚೀಲ ಬೀರುವಿಗೆ ಹೋಗಲ್ಲ, ನೇರ ವಾಷಿಂಗ್ ಮೆಷಿನ್ ಹತ್ತಿರ ಹೋಗುತ್ತದೆ. ಹಾಲು ಒಡೆದಿದೆಯಾ ಅಂತ ಮೂಸಿ ನೋಡುತ್ತಾರಲ್ಲ, ಹಾಗೆ ಅವಳು ಶರ್ಟಿನ ಕಂಕುಳು ಮೂಸಿ ನೋಡುತ್ತಾಳೆ. "ರೀ, ಟ್ರಯಲ್ ರೂಮಲ್ಲಿ ಎಷ್ಟು ಜನ ಹಾಕಿ ಬಿಚ್ಚಿದ್ದಾರೋ ಏನೋ." ಇದು ಆನ್‌ಲೈನಲ್ಲಿ ತರಿಸಿದ್ದು ಕಣೇ ಅಂದರೆ, "ಹಾಗಾದ್ರೆ ಯಾರೋ ಮದುವೆಗೆ ಹಾಕ್ಕೊಂಡು ಹೋಗಿ ಬಂದು ರಿಟರ್ನ್ ಮಾಡಿರ್ತಾರೆ" ಅಂತಾಳೆ. ಇದಕ್ಕೆ ಉತ್ತರ ಕೊಡೋಕಾಗುತ್ತಾ?

ಇಸ್ತ್ರಿಯೇ ಬೇಡ ಅಂತ ಬೋರ್ಡು ಹಾಕಿ ಮಾರುವ ಶರ್ಟಿನ ವಿಷಯದಲ್ಲಿ ಮಾತ್ರ ಅವಳ ಮಾತು ಸರಿ ಅಂತ ಒಪ್ಪಬೇಕು. ಸುಕ್ಕು ಬೀಳದಿರಲಿ ಅಂತ ಬಟ್ಟೆಗೆ ಹಾಕುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದುಂಟು. ಶಾಲೆಯ ಲ್ಯಾಬಿನಲ್ಲಿ ಬಾಟಲಿಯೊಳಗೆ ಕಪ್ಪೆ ತೇಲುತ್ತಿತ್ತಲ್ಲ, ಆ ಫಾರ್ಮಾಲಿನ್ ಇದರದ್ದೇ ನೀರು. ಕೆಲವರ ಚರ್ಮಕ್ಕೆ ಅದು ಆಗಿಬರಲ್ಲ, ಕೆರೆತ ಶುರುವಾಗುತ್ತದೆ. ಒಮ್ಮೆ ಒಗೆದರೆ ತಕ್ಕಮಟ್ಟಿಗೆ ಹೋಗುತ್ತದಂತೆ. ಸರಿ, ಒಗೆಯಲಿ. ಆದರೆ ಹೊಸ ಬಟ್ಟೆಯ ಸುಖ ಇರೋದೇ ಆ ಮಡಿಕೆಯ ಗೆರೆಯಲ್ಲಿ, ಆ ಖಡಕ್ಕಿನಲ್ಲಿ. ಒಗೆದು ಒಣಗಿಸಿದ ಮೇಲೆ ಅದು ಹೊಸದು ಅಂತ ನಾನೇ ಬಾಯಿಬಿಟ್ಟು ಹೇಳಬೇಕು.

ಅದಕ್ಕೇ ಕಳೆದ ವಾರ ಈ ಜೀನ್ಸನ್ನು ಕದ್ದು ಹಾಕಿಕೊಂಡೆ. ಅವಳು ಅಡುಗೆಮನೆಯಲ್ಲಿದ್ದಾಗ ಲೇಬಲ್ ಕಿತ್ತು, ಸದ್ದಿಲ್ಲದೆ ಸ್ಕೂಟರ್ ಹತ್ತಿದೆ. ಜಯನಗರದಲ್ಲಿರುವ ಮಾವನನ್ನು ಬಿಪಿ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ದಾರಿಯಲ್ಲಿ ಮಳೆ. ತೊಡೆ ಭಾಗ ಪೂರ್ತಿ ಒದ್ದೆ. ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ನನಗೊಂದು ಚಟ, ಸುಮ್ನೆ ಕೂತಾಗ ಎರಡೂ ಅಂಗೈಯನ್ನು ತೊಡೆ ಮೇಲೆ ಉಜ್ಜುತ್ತಾ ಇರೋದು. ಉಜ್ಜಿದೆ.

ಒಳಗೆ ಹೋದಾಗ ಸಿಸ್ಟರ್ ಮಾವನ ತೋಳಿಗೆ ಪಟ್ಟಿ ಸುತ್ತುತ್ತಿದ್ದವರು ನನ್ನ ಕೈ ನೋಡಿ ನಿಂತುಬಿಟ್ಟರು. ಬೆರಳು ನೀಲಿ, ಉಗುರಿನ ಸುತ್ತ ನೀಲಿ, ಅಂಗೈಯೂ ನೀಲಿ. "ಸಾರ್, ನೀವು ಮೊದ್ಲು ಕೂತ್ಕೊಳ್ಳಿ" ಅಂದರು. ಕೂತೆ. ಪೇಷೆಂಟ್ ಇವರು ಅಂತ ಮಾವನ ಕಡೆ ತೋರಿಸಿದೆ, ಅದೇ ನೀಲಿ ಬೆರಳಿನಲ್ಲಿ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋಕೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು, ಅದನ್ನು ನನಗೆ ಸಿಕ್ಕಿಸಿದರು. 98. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಬೆರಳಿಗೆ ಹಾಕಿದರು. ಅದೂ 98. ಅಷ್ಟರಲ್ಲಿ ಡಾಕ್ಟರ್ ಎದ್ದು ಬಂದು ಸ್ಟೆತಾಸ್ಕೋಪ್ ಬೆನ್ನಿಗಿಟ್ಟು "ಜೋರಾಗಿ ಉಸಿರು ಎಳ್ಕೊಳ್ಳಿ, ಮೆಟ್ಲು ಹತ್ತೋವಾಗ ಸುಸ್ತಾಗುತ್ತಾ?" ಅಂದರು. ಆಗುತ್ತೆ ಸಾರ್, ಯಾರಿಗೆ ಆಗಲ್ಲ? ಹಾಗಂತ ನಿಜ ಹೇಳಿದ್ದೇ ತಪ್ಪಾಯಿತು. ಇಸಿಜಿ ಮಾಡೋಣ ಅಂದರು. ಪಕ್ಕದಲ್ಲಿ ಮಾವನ ಬಿಪಿ ಏರುತ್ತಿತ್ತು.

ಕೊನೆಗೆ ಸಿಸ್ಟರ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ನನ್ನ ಬೆರಳು ಒರೆಸಿದರು. ಹತ್ತಿ ನೀಲಿಯಾಯಿತು. ಎಲ್ಲರೂ ಹತ್ತಿ ನೋಡಿದರು, ಆಮೇಲೆ ನನ್ನ ಪ್ಯಾಂಟು ನೋಡಿದರು. ಡಾಕ್ಟರ್ ಏನೂ ಅನ್ನದೆ ಹೋಗಿ ಕೂತರು. ಮಾವ ಮಾತ್ರ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು.

ಆಮೇಲೆ ಓದಿ ತಿಳಿದುಕೊಂಡೆ. ಜೀನ್ಸಿಗೆ ಹಾಕುವ ಇಂಡಿಗೋ ಬಣ್ಣ ನೀರಲ್ಲಿ ಕರಗುವುದಿಲ್ಲ, ನೂಲಿನ ಒಳಗೂ ಇಳಿಯುವುದಿಲ್ಲ, ಗೋಡೆಗೆ ಬಳಿದ ಸುಣ್ಣದ ಹಾಗೆ ಮೇಲೆ ಮೇಲೆ ಕೂತಿರುತ್ತದೆ. ಉಜ್ಜಿದರೆ ಕೈಗೆ ಬರುತ್ತದೆ. ಅತ್ತೆಯವರು ಉಪ್ಪು ಮತ್ತು ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳಿಕಳಿಸಿದ್ದಾರೆ. ಈ ಬಣ್ಣಕ್ಕೆ ಅದು ನಾಟಲ್ಲ ಅಂದೆ. ಕೇಳುವವರು ಯಾರು? ಈಗ ಬಚ್ಚಲು ಪೂರ್ತಿ ಉಪ್ಪಿನಕಾಯಿ ವಾಸನೆ.

ನಾವು ಚಿಕ್ಕವರಿದ್ದಾಗ ದೀಪಾವಳಿಗೆ ಒಂದು ಜೊತೆ ಬಟ್ಟೆ. ಅಮ್ಮ ಅದನ್ನು ದೇವರ ಮುಂದಿಟ್ಟು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೊಡುತ್ತಿದ್ದಳು. ಎಣ್ಣೆಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಆ ಗಂಜಿ ವಾಸನೆಯ ಶರ್ಟಿಗೆ ಕೈ ತೂರಿಸುವಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಬೆಳೆಯೋ ಹುಡುಗ ಅಂತ ಎರಡು ಸೈಜು ದೊಡ್ಡದು. ಕಾಲರಿನ ಒಳಗಿನ ಆ ಕುಂಕುಮದ ಕಲೆ ಮುಂದಿನ ದೀಪಾವಳಿ ಬಂದರೂ ಹೋಗುತ್ತಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದೆ. "ಟೈಲರ್‌ಗೆ ಕೊಡೋ ಮುಂಚೆ ನಿಮ್ಮಮ್ಮ ಬಟ್ಟೆನ ನೀರಿಗೆ ಹಾಕಿ ಒಣಗಿಸ್ತಿದ್ರು, ಕುಗ್ಗಬಾರದು ಅಂತ. ನಿಮಗೇನು ಗೊತ್ತು, ಆಟಕ್ಕೆ ಹೋಗಿರ್ತಿದ್ರಿ" ಅಂದಳು. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಹೌದಂತೆ.

ನಿನ್ನೆ ಸಂಜೆ ಮಾವ ಬಂದಿದ್ದರು. ಬಚ್ಚಲಿಗೆ ಹೋಗಿ ಬಕೆಟ್ ನೋಡಿಕೊಂಡು ಬಂದು, ನಗು ತಡೆದುಕೊಂಡು, ನನ್ನ ಕೈಗೊಂದು ಚೀಲ ಕೊಟ್ಟರು. ಬಿಳಿ ಶರ್ಟು. "ಅಳಿಯಂದ್ರೇ, ನಿಮಗೆ ತೊಂದ್ರೆ ಬೇಡ ಅಂತ ಒಗೆದು ಇಸ್ತ್ರಿ ಮಾಡಿಸಿಯೇ ತಂದಿದೀನಿ." ಲೇಬಲ್ ಇಲ್ಲ, ಗುಂಡುಪಿನ್ನಿಲ್ಲ, ರಟ್ಟಿಲ್ಲ, ವಾಸನೆಯೂ ಇಲ್ಲ. ಹೆಂಡತಿಗೆ ಕಣ್ಣಲ್ಲಿ ನೀರು, ಅಪ್ಪ ಅಂದ್ರೆ ಹೀಗಿರಬೇಕು ಅಂತ.

ಅವರು ಹೋದ ಮೇಲೆ ಕಾಲರ್ ತಿರುಗಿಸಿ ನೋಡಿದೆ. ಸೈಜು 42. ನನ್ನದು 40. ಮಾವನದು 42.