ಕಳ್ಳಿಗಳ ಗುರುತು ಪತ್ತೆ ಪೆರೇಡ್

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದ ಕಾಲದಲ್ಲಿ ತಹಶೀಲ್ದಾರರ ಹಿಂದೆ ಕಡತ ಹೊತ್ತುಕೊಂಡು ಜೈಲಿಗೆ ಹೋಗುವ ಕೆಲಸವೂ ಆಗಾಗ ನನ್ನ ಪಾಲಿಗೆ ಬರುತ್ತಿತ್ತು. ಗುರುತು ಪತ್ತೆ ಪೆರೇಡ್ ನಡೆಸುವುದು ತಾಲ್ಲೂಕು ದಂಡಾಧಿಕಾರಿಯಾದ ಅವರ ಹೊಣೆ, ಮಹಜರು ಬರೆಯುವುದು ನನ್ನದು. ಆರೋಪಿಯನ್ನು ಅವನದೇ ಎತ್ತರದ, ಅವನದೇ ಬಣ್ಣದ, ಸಾಧ್ಯವಾದರೆ ಅವನದೇ ಅಳತೆಯ ಮೀಸೆಯಿರುವ ಐದಾರು ಜನರ ನಡುವೆ ನಿಲ್ಲಿಸಬೇಕು. ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು, ‘ನೀವು ನೋಡಿದವನು ಇವರಲ್ಲಿದ್ದರೆ ಮುಟ್ಟಿ ತೋರಿಸಿ’ ಎನ್ನಬೇಕು. ಒಮ್ಮೆ ಸರ ಕಳೆದುಕೊಂಡಿದ್ದ ಅಜ್ಜಿಯೊಬ್ಬರು ಸಾಲನ್ನು ಎರಡು ಸಲ ನೋಡಿ, ತಲೆಯಾಡಿಸಿ, ನೇರವಾಗಿ ಮೂಲೆಯಲ್ಲಿ ಬರೆಯುತ್ತ ಕುಳಿತಿದ್ದ ನನ್ನ ಬಳಿಗೆ ಬಂದು ಹೆಗಲ ಮೇಲೆ ಕೈಯಿಟ್ಟರು. ಅದನ್ನೂ ಮಹಜರಿನಲ್ಲಿ ನಾನೇ ಬರೆಯಬೇಕಾಯಿತು.

ಇಷ್ಟೆಲ್ಲ ಅನುಭವವಿದ್ದ ನಾನು ನಿವೃತ್ತನಾದ ಮೇಲೆ, ಹೆಬ್ಬೆರಳು ಗಾತ್ರದ ಹನ್ನೆರಡು ಕಳ್ಳಿ ಸಸಿಗಳ ಮುಂದೆ ಸೋತುಹೋದೆ.

ಅದು ಜನವರಿ ತಿಂಗಳು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಗಾಜಿನ ಮನೆಯೊಳಗೆ ಹೂವಿಗಿಂತ ಹೆಚ್ಚಾಗಿ ಮುಂದಿನವರ ತಲೆಯನ್ನು ನೋಡಿಕೊಂಡು ಹೊರಬಂದಿದ್ದೆ. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆಂದು ಸಿದ್ದಾಪುರದ ಕಡೆಯ ನರ್ಸರಿಯೊಂದಕ್ಕೆ ನುಗ್ಗಿದೆ. ಅಲ್ಲಿ ಒಂದು ತಟ್ಟೆಯ ತುಂಬ ಚಹಾ ಲೋಟದಷ್ಟು ಕುಂಡಗಳು, ಕುಂಡಕ್ಕೊಂದು ಮುಳ್ಳಿನ ಮರಿ.

‘ಇದರ ಹೆಸರೇನಪ್ಪ?’ ಎಂದು ಕೇಳಿದೆ.

‘ಕ್ಯಾಕ್ಟಸ್ ಸಾರ್.’

‘ಇದು?’

‘ಅದೂ ಕ್ಯಾಕ್ಟಸ್ ಸಾರ್.’

‘ಹಾಗಾದರೆ ಎರಡಕ್ಕೂ ವ್ಯತ್ಯಾಸ?’

‘ಇದು ನಲವತ್ತು ರೂಪಾಯಿ, ಅದು ಅರವತ್ತು.’

ಇಷ್ಟು ಸ್ಪಷ್ಟವಾದ ವರ್ಗೀಕರಣವನ್ನು ಆಮೇಲೆ ನಾನು ಎಲ್ಲಿಯೂ ಕಾಣಲಿಲ್ಲ. ಹನ್ನೆರಡನ್ನೂ ಆರಿಸಿಕೊಂಡು ಮನೆಗೆ ಫೋನ್ ಮಾಡಿ, ‘ಹನ್ನೆರಡು ಕಳ್ಳಿ ತರುತ್ತಿದ್ದೇನೆ, ತಾರಸಿಯಲ್ಲಿ ಜಾಗ ಮಾಡು’ ಎಂದೆ. ಫೋನ್ ಎತ್ತಿದ್ದು ಹೆಂಡತಿಯಲ್ಲ, ಎಂಬತ್ತೈದು ದಾಟಿದ ನನ್ನ ತಾಯಿ. ಅಮ್ಮನ ಕಿವಿ ತನಗೆ ಬೇಕಾದ ಮಾತಿಗೆ ಮಾತ್ರ ಚುರುಕು. ನಾನು ಮನೆ ಮುಟ್ಟುವಷ್ಟರಲ್ಲಿ ಬೀದಿಯ ಅರ್ಧ ಜನಕ್ಕೆ, ಇವರ ಮಗ ಹನ್ನೆರಡು ಮಂದಿ ಕಳ್ಳಿಯರನ್ನು ಹಿಡಿದು ತರುತ್ತಿದ್ದಾನೆಂದೂ ಪಿಂಚಣಿ ಬಂದರೂ ಸರ್ಕಾರ ಇವನನ್ನು ಬಿಟ್ಟಿಲ್ಲವೆಂದೂ ಸುದ್ದಿ ಮುಟ್ಟಿತ್ತು.

ಹೆಂಡತಿಯ ತಕರಾರು ಬೇರೆಯೇ. ‘ರೀ, ಮುಳ್ಳಿನ ಗಿಡ ಮನೆಯೊಳಗೆ ಬರಕೂಡದು. ವಾಸ್ತುವಿಗೆ ಆಗುವುದಿಲ್ಲ. ನನ್ನ ಬ್ರಹ್ಮಕಮಲದ ಹತ್ತಿರವಂತೂ ಸುಳಿಯಲೂ ಕೂಡದು’ ಎಂದಳು. ಅವಳ ಬ್ರಹ್ಮಕಮಲ ನಮ್ಮ ಮನೆಯ ಎರಡನೆಯ ದೇವರು. ನಾದಿನಿ ಕೊಟ್ಟ ಒಂದು ಎಲೆಯಿಂದ ಬೆಳೆದದ್ದು. ಕಳೆದ ಮಳೆಗಾಲದಲ್ಲಿ ಯಾರೋ ಕೇಳದೆ ಅದರ ಒಂದು ಎಲೆ ಮುರಿದುಕೊಂಡು ಹೋಗಿದ್ದರು. ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಆ ಪ್ರಕರಣದ ವಿಚಾರಣೆ ವಾರಕ್ಕೊಮ್ಮೆ ಊಟದ ಹೊತ್ತಿನಲ್ಲಿ ನಡೆಯುತ್ತದೆ.

ನಾನು ಸಸಿಗಳನ್ನು ತಾರಸಿಯ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ, ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಬರೆದು ನೆಟ್ಟೆ. ಹಳೆಯ ಅಭ್ಯಾಸ, ಒಂದು ರಿಜಿಸ್ಟರನ್ನೂ ತೆರೆದೆ.

ಮೊದಲ ಸಾಕ್ಷಿ ಮೊಬೈಲ್. ಗಿಡದ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್ ಒಂದನ್ನು ಮೊಮ್ಮಗ ಹಾಕಿಕೊಟ್ಟಿದ್ದ. ಒಂದನೆಯ ಸಂಖ್ಯೆಯ, ಹೊಂಬಣ್ಣದ ಮುಳ್ಳಿನ ಪುಟ್ಟ ಚೆಂಡನ್ನು ಅದಕ್ಕೆ ತೋರಿಸಿದೆ. ಬೆಳಿಗ್ಗೆ ಅದು ‘ಮ್ಯಾಮಿಲೇರಿಯಾ’ ಎಂದಿತು. ಮಧ್ಯಾಹ್ನ ಇನ್ನೊಂದು ಮಗ್ಗುಲಿನಿಂದ ತೆಗೆದಾಗ ಬೇರೊಂದು ಹೆಸರು. ಸಂಜೆ ಬೆಳಕು ಕಡಿಮೆಯಾದಾಗ ‘ರಂಬುಟಾನ್ ಹಣ್ಣು’ ಎಂದಿತು. ನ್ಯಾಯಾಲಯದಲ್ಲಾದರೆ ಇಂಥ ಸಾಕ್ಷಿಯನ್ನು ಪ್ರತಿಕೂಲ ಎಂದು ಘೋಷಿಸುತ್ತಿದ್ದರು.

ಎರಡನೆಯ ಸಾಕ್ಷಿ ಅಮೆರಿಕದ ಅರಿಜೋನಾದಲ್ಲಿರುವ ಮಗಳು. ಎಂಟನೆಯ ಸಂಖ್ಯೆಯ ಕಂಬದಂಥ ಸಸಿಯನ್ನು ತೋರಿಸಿ ನರ್ಸರಿಯ ಹುಡುಗ, ‘ಕೌಬಾಯ್ ಸಿನಿಮಾದಲ್ಲಿ ಕೈ ಮೇಲೆತ್ತಿ ನಿಲ್ಲುತ್ತದಲ್ಲ, ಅದೇ ಇದು’ ಎಂದಿದ್ದ. ಶರಣಾದ ಆರೋಪಿಯಂಥ ಆ ಗಿಡದ ಮೇಲೆ ನನಗೂ ಮೋಹ ಹುಟ್ಟಿತ್ತು. ಮಗಳು ನಕ್ಕಳು. ‘ಅಪ್ಪಾ, ಅದರ ಹೆಸರು ಸಗ್ವಾರೊ. ನಮ್ಮ ಮನೆಯ ಹಿಂದಿನ ಗುಡ್ಡದ ತುಂಬ ಇದೆ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದೋ ಒಂದೂವರೆಯೋ ಇಂಚು. ಹೂ ಬಿಡುವುದಕ್ಕೆ ಸುಮಾರು 35 ವರ್ಷ ಬೇಕು, ಕೈ ಮೂಡುವುದಕ್ಕೆ ಐವತ್ತರ ಮೇಲೆ.’ ನನಗಾಗ 61. ಹೂವನ್ನು 96ರಲ್ಲಿ ನೋಡಬಹುದು, ಕೈ ಕುಲುಕಬೇಕಾದರೆ 111 ಆಗಿರುತ್ತದೆ. ನನ್ನ ಪುಣ್ಯಕ್ಕೆ ಎಂಟನೆಯ ಸಂಖ್ಯೆ ಆರು ತಿಂಗಳಲ್ಲಿ ಒಂದು ಗೇಣು ಎದ್ದಿತು. ಸಗ್ವಾರೊ ಆಗಿದ್ದರೆ ಹೀಗೆ ಎದ್ದೇಳುತ್ತಿರಲಿಲ್ಲ. ಆರೋಪ ಸಾಬೀತಾಗದೆ ಬಿಡುಗಡೆ.

ಅಷ್ಟರಲ್ಲಿ ನಾಲ್ಕು ಸಸಿಗಳು ತೀರಿಕೊಂಡಿದ್ದವು. ತುಳಸಿಗೆ ನೀರು ಹಾಕಿ ಉಳಿದದ್ದನ್ನು ಹೆಂಡತಿ ದಿನವೂ ಇವುಗಳಿಗೂ ಸುರಿಯುತ್ತಿದ್ದಳು, ಕೆಟ್ಟ ಗಿಡವಾದರೂ ಬಾಯಾರಬಾರದಲ್ಲ ಎಂಬ ಕರುಣೆಯಿಂದ. ಬುಡ ಕೊಳೆತು ನಾಲ್ಕೂ ಒಂದೇ ವಾರದಲ್ಲಿ ಮಲಗಿದವು. ರಿಜಿಸ್ಟರಿನಲ್ಲಿ, ‘2, 3, 5, 6: ಆರೋಪಿಗಳು ಮೃತಪಟ್ಟ ಕಾರಣ ಪ್ರಕರಣ ಕೈಬಿಡಲಾಗಿದೆ’ ಎಂದು ಷರಾ ಬರೆದೆ.

ಒಂಬತ್ತನೆಯ ಸಂಖ್ಯೆಯ ಬಗ್ಗೆ ಬರೆಯಲು ಈಗಲೂ ಕೈ ತುರಿಸುತ್ತದೆ. ಮೊಲದ ಕಿವಿಯಂತೆ ಎರಡು ಹಸಿರು ಬಿಲ್ಲೆ. ಮುಳ್ಳು ಒಂದೂ ಇಲ್ಲ. ಚುಕ್ಕಿ ಚುಕ್ಕಿಯಾಗಿ ಹಳದಿ ಮಖಮಲ್ಲು. ಹನ್ನೆರಡರಲ್ಲಿ ಇದೊಂದು ಸಾಧು ಜೀವಿ ಎಂದುಕೊಂಡು ಬೆನ್ನು ಸವರಿದೆ. ಸವರಿದ ಕೈಯನ್ನು ಪಂಚೆಗೆ ಒರೆಸಿದೆ. ಒರೆಸಿದ ಪಂಚೆಯ ಮೇಲೆ ಕುಳಿತೆ. ಆ ಮಖಮಲ್ಲಿನ ಒಂದೊಂದು ಚುಕ್ಕಿಯಲ್ಲೂ ಕೂದಲಿಗಿಂತ ಸಣ್ಣ ಮುಳ್ಳುಗಳು ನೂರಾರು ಇರುತ್ತವೆ, ತುದಿಗೆ ಹಿಮ್ಮುಖದ ಕೊಕ್ಕೆ ಬೇರೆ, ಹೊಕ್ಕರೆ ಹೊರಬರುವುದಿಲ್ಲ. ನಾಚಿಕೆಯ ಸಂಗತಿಯೆಂದರೆ ಇದು ನನಗೆ ಗೊತ್ತಿರಬೇಕಿತ್ತು. ಚಳ್ಳಕೆರೆ ಸೀಮೆಯ ಹುಡುಗ ನಾನು. ಬೇಲಿಯ ಪಾಪಸ್‌ಕಳ್ಳಿಯ ಹಣ್ಣನ್ನು ಕಡ್ಡಿಯಲ್ಲಿ ಕಿತ್ತು, ನೆಲಕ್ಕೆ ಉಜ್ಜಿ ಉಜ್ಜಿ ಸುಂಕು ತೆಗೆದು, ತಿಂದು, ಕೆಂಪಾದ ನಾಲಿಗೆಯನ್ನು ಪರಸ್ಪರ ತೋರಿಸಿಕೊಂಡು ಬೆಳೆದವನು. ನೌಕರಿ ಮನುಷ್ಯನಿಗೆ ಏನೇನನ್ನೋ ಮರೆಸುತ್ತದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಹೆಂಡತಿ ಪಿನ್ನು ಹಿಡಿದು ಕುಳಿತಳು. ಕಣ್ಣಿಗೇ ಕಾಣದ್ದನ್ನು ತೆಗೆಯುವುದು ಹೇಗೆ? ಕೊನೆಗೆ ಮೊಮ್ಮಗನ ಫೆವಿಕಾಲ್ ಡಬ್ಬಿ ಕೆಲಸಕ್ಕೆ ಬಂತು. ಅಂಗೈಗೆ ದಪ್ಪಗೆ ಬಳಿದು, ತೆಳು ಬಟ್ಟೆ ಹೊದಿಸಿ, ಒಣಗಿದ ಮೇಲೆ ಸಿಪ್ಪೆಯಂತೆ ಎಳೆದರೆ ಮುಳ್ಳುಗಳೂ ಜೊತೆಗೆ ಕಿತ್ತುಬಂದವು. ಅಂಗೈಯ ಮಟ್ಟಿಗೆ ಪ್ರಯೋಗ ಯಶಸ್ವಿ. ಮಿಕ್ಕ ಜಾಗದ ವಿವರ ಮಹಜರಿನಲ್ಲಿ ಬೇಡ.

ಇಷ್ಟಾದ ಮೇಲೆ ತಜ್ಞರನ್ನು ಕರೆಯದೆ ವಿಧಿಯಿರಲಿಲ್ಲ. ಎದುರು ಮನೆಯಲ್ಲಿ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಇದ್ದಾರೆ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಅವರು ಬಂದವರೇ ಏಳನೆಯ ಸಂಖ್ಯೆಯ ಮುಂದೆ ನಿಂತರು. ಅದು ನನ್ನ ಹೆಮ್ಮೆ. ಜನವರಿಯಲ್ಲಿ ತರುವಾಗಲೇ ತಲೆಯ ಮೇಲೆ ಹಳದಿ ಹೂ ಇತ್ತು, ಯುಗಾದಿ ಕಳೆದರೂ ಒಂದು ದಳ ಬಾಡಿರಲಿಲ್ಲ. ಮೇಷ್ಟ್ರು ಎರಡು ಬೆರಳಿನಲ್ಲಿ ಹೂವನ್ನು ಹಿಡಿದು ಮೆಲ್ಲಗೆ ಎತ್ತಿದರು. ಟೋಪಿಯಂತೆ ಬಂತು, ಬುಡದಲ್ಲಿ ಒಂದು ಹನಿ ಗಟ್ಟಿಯಾದ ಅಂಟು. ಒಣಗಿದರೂ ಬಣ್ಣ ಕೆಡದ ಯಾವುದೋ ಹೂವನ್ನು ಬಿಸಿ ಅಂಟಿನಿಂದ ಮೆತ್ತಿದ್ದರು. ಅರವತ್ತು ರೂಪಾಯಿಯ ರಹಸ್ಯ ಅದು. ಮೂರು ತಿಂಗಳಿಂದ ನಾನು ಬಂದವರಿಗೆಲ್ಲ ಅದರ ದೀರ್ಘಾಯುಷ್ಯವನ್ನು ವರ್ಣಿಸಿದ್ದೆ.

ನಾಲ್ಕನೆಯದರ ವಿಷಯದಲ್ಲಿ ನಾನೇ ತೀರ್ಪು ಕೊಟ್ಟಿದ್ದೆ. ಪಿನ್ನಿನಿಂದ ಚುಚ್ಚಿದಾಗ ಬಿಳಿ ಹಾಲು ಒಸರಿತ್ತು. ಹಾಲು ಬಂದರೆ ಯುಫೋರ್ಬಿಯಾ, ಕ್ಯಾಕ್ಟಸ್ ಅಲ್ಲ ಎಂದು ಎಲ್ಲೋ ಓದಿದ್ದೆ. ನಮ್ಮ ಚದುರಗಳ್ಳಿ, ಬೊಂತೆಗಳ್ಳಿಗಳೆಲ್ಲ ಆ ಕುಲದವು. ನೋಡಿ, ಕನ್ನಡದಲ್ಲಿ ಒಂದೇ ‘ಕಳ್ಳಿ’ ಎರಡು ಮನೆತನಕ್ಕೂ ನಡೆಯುತ್ತದೆ. ಈ ನೆಲದ ಚದುರಗಳ್ಳಿ ಕ್ಯಾಕ್ಟಸ್ ಅಲ್ಲ, ನಿಜವಾದ ಕ್ಯಾಕ್ಟಸ್ ಆದ ಪಾಪಸ್‌ಕಳ್ಳಿ ಈ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಮೇಷ್ಟ್ರು ಭೂತಗನ್ನಡಿ ಕೊಟ್ಟು ನೋಡಲು ಹೇಳಿದರು. ‘ಮುಳ್ಳಿನ ಬುಡದಲ್ಲಿ ಅರಳೆಯ ಪುಟ್ಟ ದಿಂಬಿನಂಥದ್ದು ಕಾಣುತ್ತದೆಯೇ? ಆ ದಿಂಬಿದ್ದರೆ ಕ್ಯಾಕ್ಟಸ್. ಚದುರಗಳ್ಳಿಯಲ್ಲಿ ಅದಿರುವುದಿಲ್ಲ, ಮುಳ್ಳು ಜೋಡಿಜೋಡಿಯಾಗಿ ಬರುತ್ತದೆ. ಮ್ಯಾಮಿಲೇರಿಯಾದ ಕೆಲವು ಜಾತಿಗಳಲ್ಲೂ ಹಾಲು ಇರುತ್ತದೆ ಶಿರಸ್ತೇದಾರರೇ. ಹಾಲು ನೋಡಿ ಕುಲ ಹೇಳಬೇಡಿ.’ ನಿರಪರಾಧಿಯನ್ನು ಎರಡು ತಿಂಗಳು ಬೇರೆ ಗೋಡೆಯ ಮೇಲೆ ಗಡೀಪಾರು ಮಾಡಿದ್ದಕ್ಕೆ ನನಗೆ ಬೇಸರವಾಯಿತು.

ಮೇಷ್ಟ್ರು ಸಮಾಧಾನ ಹೇಳಿದರು. ಈಸ್ಟ್ ಇಂಡಿಯಾ ಕಂಪನಿಯವರಿಗೇ ಇದಕ್ಕಿಂತ ದೊಡ್ಡ ಎಡವಟ್ಟಾಗಿತ್ತಂತೆ. ಕೆಂಪು ಬಣ್ಣ ಕೊಡುವ ಕೀಟವನ್ನು ಪಾಪಸ್‌ಕಳ್ಳಿಯ ಮೇಲೆ ಸಾಕಿ ಲಾಭ ಮಾಡಬೇಕೆಂಬುದು ಅವರ ಆಸೆ. 1795ರಲ್ಲಿ ಬ್ರೆಜಿಲ್‌ನಿಂದ ಬಂದ ಕೀಟವನ್ನು ಅದೇ ಅಸಲಿ ಎಂದು ನಂಬಿದರು. ಅದು ಅಸಲಿಯ ದಾಯಾದಿ. ಒಳ್ಳೆಯ ಬಣ್ಣ ಕೊಡಲಿಲ್ಲ, ಬದಲಿಗೆ ಹರಡಿದ ಕಡೆಯೆಲ್ಲ ಒಂದು ಜಾತಿಯ ಪಾಪಸ್‌ಕಳ್ಳಿಯನ್ನು ತಿಂದು ಮುಗಿಸಿತು. ಕೀಟ ಬಿಟ್ಟು ಕಳೆ ನಾಶ ಮಾಡುವ ವಿದ್ಯೆಯ ಮೊದಲ ಉದಾಹರಣೆಗಳಲ್ಲಿ ಈಗ ಅದನ್ನೇ ಹೇಳುತ್ತಾರೆ. ತಪ್ಪು ಗುರುತಿಸಿದವರಿಗೂ ಇತಿಹಾಸದಲ್ಲಿ ಜಾಗ ಸಿಕ್ಕಿತಲ್ಲ ಎಂದುಕೊಂಡೆ. ನನ್ನ ಹೆಗಲು ಮುಟ್ಟಿದ ಅಜ್ಜಿಗೆ ಅಷ್ಟೂ ಸಿಗಲಿಲ್ಲ.

ಹನ್ನೊಂದನೆಯದು ಕೆಂಪು ತಲೆ, ಹಸಿರು ಕಾಂಡ. ಅದು ಒಬ್ಬರಲ್ಲ, ಇಬ್ಬರು. ಕೆಂಪು ಚೆಂಡಿಗೆ ಪತ್ರಹರಿತ್ತೇ ಇಲ್ಲ, ಸ್ವಂತ ಸಂಪಾದನೆ ಇಲ್ಲದ್ದರಿಂದ ಅದನ್ನು ಇನ್ನೊಂದು ಗಿಡದ ಮೇಲೆ ಕಸಿ ಮಾಡಿರುತ್ತಾರೆ. ಏಪ್ರಿಲ್ ಬಿಸಿಲಿಗೆ ತಲೆ ಸುರುಟಿ ಬಿದ್ದುಹೋಯಿತು, ಇಷ್ಟು ದಿನ ದುಡಿದು ಹಾಕುತ್ತಿದ್ದ ಮೂರು ಮೂಲೆಯ ಕಾಂಡ ನಿಟ್ಟುಸಿರು ಬಿಟ್ಟು ಚಿಗುರಿತು. ಅದು ಡ್ರ್ಯಾಗನ್ ಫ್ರೂಟಿನ ಬಳ್ಳಿ ಎಂದು ತಿಳಿದ ಮೇಲೆ ಹೆಂಡತಿಯ ವಾಸ್ತು ಸ್ವಲ್ಪ ಸಡಿಲವಾಯಿತು. ಗುಜರಾತ್ ಸರ್ಕಾರ 2021ರಲ್ಲಿ ಆ ಹಣ್ಣಿಗೆ ‘ಕಮಲಂ’ ಎಂದು ಹೆಸರಿಟ್ಟಿದೆ ಎಂದು ಸೇರಿಸಿದೆ. ‘ನೋಡಿ, ಕಮಲವೆಂದರೆ ಕೇಳುವುದಕ್ಕೂ ಚೆನ್ನ’ ಎಂದಳು.

ಇನ್ನು ಒಂದನೆಯ ಸಂಖ್ಯೆ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಈಗ ಗುಬುಟು ಗುಬುಟಾಗಿ ಮ್ಯಾಮಿಲೇರಿಯಾದಂತೆಯೇ ಇದೆ. ಆದರೆ ನನಗೆ ಗುಮಾನಿ ಬೇರೆ. ಇದು ಗೋಲ್ಡನ್ ಬ್ಯಾರೆಲ್ಲಿನ ಮರಿ. ಕಲ್ಲಂಗಡಿಯ ಪಟ್ಟೆಯಂತೆ ಏಣುಗಳು ಮೂಡಲು ಇನ್ನೂ ಕೆಲವು ವರ್ಷ ಬೇಕು. ಕೂಸಿನ ಮುಖ ನೋಡಿ ಮೀಸೆ ಹೇಗೆ ಬರುತ್ತದೆಂದು ಹೇಳಲಾಗುತ್ತದೆಯೇ?’ ಎಂದವರು, ಆಚೀಚೆ ನೋಡಿ ದನಿ ತಗ್ಗಿಸಿ, ‘ಇಂಗ್ಲಿಷಿನಲ್ಲಿ ಇದಕ್ಕೆ ಅತ್ತೆಯ ದಿಂಬು ಎಂಬ ಅಡ್ಡಹೆಸರೂ ಇದೆ’ ಎಂದರು.

ನಾನು ಯೋಚಿಸದೆ ಕಡ್ಡಿಯ ಮೇಲೆ ಹಾಗೆಯೇ ಬರೆದುಬಿಟ್ಟೆ. ಮಾರನೆಯ ದಿನ ನೀರು ಹಾಕಲು ಬಂದ ಹೆಂಡತಿ ಕಡ್ಡಿ ಓದಿದಳು. ಜಗುಲಿಯಲ್ಲಿ ಕುಳಿತಿದ್ದ ಅಮ್ಮನ ಕಡೆ ಒಮ್ಮೆ, ಗಿಡದ ಕಡೆ ಒಮ್ಮೆ ನೋಡಿದಳು. ಆರು ತಿಂಗಳಲ್ಲಿ ಮೊದಲ ಸಲ ನನ್ನ ಕಳ್ಳಿಯ ಬಗ್ಗೆ ಅಕ್ಕರೆಯ ಪ್ರಶ್ನೆ ಬಂತು. ‘ರೀ, ಇದು ಎಷ್ಟು ಅಗಲ ಆಗುತ್ತದೆ?’

ಜುಲೈ ತಿಂಗಳ ಒಂದು ರಾತ್ರಿ ಬ್ರಹ್ಮಕಮಲ ಅರಳುವ ಲಕ್ಷಣ ಕಂಡಿತು. ಎಂಟು ಗಂಟೆಗೆ ಮೊಗ್ಗು ಬಿರಿಯತೊಡಗಿತು. ಹೆಂಡತಿ ಬೀದಿಗೆಲ್ಲ ಫೋನ್ ಮಾಡಿದಳು. ಹತ್ತು ಗಂಟೆಯ ಹೊತ್ತಿಗೆ ರೇಷ್ಮೆ ಸೀರೆಯುಟ್ಟ ಎಂಟು ಹತ್ತು ಹೆಂಗಸರು, ಬಾದಾಮಿ ಹಾಲು, ಅರಿಶಿನ ಕುಂಕುಮ, ಆರತಿ ತಟ್ಟೆ. ಅಮ್ಮನಿಗೆ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಮೇಷ್ಟ್ರೂ ಬಂದರು. ಎಲ್ಲರೂ ಹೂವಿಗೆ ಕೈ ಮುಗಿಯುತ್ತಿದ್ದರೆ ಅವರು ಬಗ್ಗಿ ಎಲೆಯ ಅಂಚಿಗೆ ಭೂತಗನ್ನಡಿ ಹಿಡಿದಿದ್ದರು.

‘ಶಿರಸ್ತೇದಾರರೇ, ಇದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಒಂದು ತುಂಡು ನೆಟ್ಟರೂ ಗಿಡವಾಗುತ್ತದೆ. ಅಂಚಿನ ಈ ಕಚ್ಚುಗಳನ್ನು ನೋಡಿ. ಇದು ಮೆಕ್ಸಿಕೋ ಕಡೆಯದು. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಪಿಸುಗುಟ್ಟಿದರು. ‘ಇದೂ ಕಳ್ಳಿಯೇ.’

ಹೆಂಡತಿ ಆಗತಾನೇ ಕರ್ಪೂರ ಹಚ್ಚಿದ್ದಳು. ವಾಸ್ತುವಿನ ಅಡಿಪಾಯವನ್ನು ಅಲುಗಾಡಿಸುವುದಕ್ಕೆ ಅದು ಸಮಯವಲ್ಲ.

‘ಏನಂತೆ ಮೇಷ್ಟ್ರು?’ ಎಂದು ಅಮ್ಮ ಕೇಳಿದಳು.

‘ಏನಿಲ್ಲಮ್ಮ.’

‘ಕಳ್ಳಿ ಎಂದ ಹಾಗಾಯಿತು?’

‘ಮೆಲ್ಲಗೆ ಅಮ್ಮ. ಇಲ್ಲಿರುವುದೂ ಕಳ್ಳಿಯೇ ಅಂತೆ. ನಾಳೆ ವಿವರವಾಗಿ ಹೇಳುತ್ತೇನೆ.’

ಅಮ್ಮ ಕುರ್ಚಿಯಲ್ಲಿಯೇ ಹಿಂದಕ್ಕೆ ತಿರುಗಿ ಸಭೆಗೆ ಕೇಳುವಂತೆ ಸಾರಿದಳು. ‘ಇಲ್ಲೇ ಇದ್ದಾಳಂತೆ ಕಳ್ಳಿ! ಇವನಿಗೆ ಗೊತ್ತಂತೆ, ನಾಳೆ ಹೆಸರು ಹೇಳುತ್ತಾನಂತೆ!’

ಆರತಿ ತಟ್ಟೆ ಗಾಳಿಯಲ್ಲೇ ನಿಂತಿತು. ಕರ್ಪೂರ ಉರಿಯುವ ಸದ್ದು ಕೇಳುವಷ್ಟು ಮೌನ. ಹಿಂದಿನ ಸಾಲಿನಿಂದ ಮೂಲೆ ಮನೆಯವರು ಸೆರಗು ಸರಿಮಾಡಿಕೊಂಡು, ‘ಕೇಳಿಯೇ ತೆಗೆದುಕೊಳ್ಳೋಣವೆಂದು ಬಂದಿದ್ದೆ, ನೀವು ಮನೆಯಲ್ಲಿರಲಿಲ್ಲ. ಒಂದೇ ಒಂದು ಎಲೆ’ ಎಂದರು. ಅದರ ಹಿಂದೆಯೇ ಮಹಡಿ ಮನೆಯವರು, ‘ನಾನೂ ಒಂದೇ’ ಎಂದರು. ಆಮೇಲೆ ಬಾಗಿಲ ಬಳಿಯಿಂದ ಮೂರನೆಯ ದನಿ.

ನನ್ನ ಹೆಂಡತಿಯ ಲೆಕ್ಕದಲ್ಲಿ ಕಳುವಾಗಿದ್ದದ್ದು ಒಂದೇ ಎಲೆ. ಅವಳು ತಟ್ಟೆಯನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಗಿಡವನ್ನು ಬುಡದಿಂದ ಎಣಿಸಲು ಶುರುಮಾಡಿದಳು. ಮೇಷ್ಟ್ರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಮೆಲ್ಲನೆ ಚಪ್ಪಲಿ ಹುಡುಕತೊಡಗಿದರು.