ಸಂಬಳ ತಗೊಂಡರೆ ಕರುಣೆ ಕಡಿಮೆ ಆಗುತ್ತಾ?

ಇವತ್ತು ಒಂದು ಸನ್ಮಾನ ಕಾರ್ಯಕ್ರಮಕ್ಕೆ ಹೋಗಿದ್ದೆ. ಆಂಬುಲೆನ್ಸ್‌ನಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರನ್ನು ವೇದಿಕೆಗೆ ಕರೆದು ಗೌರವಿಸಿದರು. ನಿಜಕ್ಕೂ ಖುಷಿಯಾಯ್ತು. ಆಮೇಲೆ ಮಾತಾಡಿದವರೊಬ್ಬರು, "ಇವರು ದುಡ್ಡಿಗೆ ಬಂದವರಲ್ಲ, ಅದಕ್ಕೇ ಇವರದ್ದು ನಿಜವಾದ ಸೇವೆ" ಅಂದುಬಿಟ್ಟರು. ಹಿಂದಿನ ಸಾಲಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದಿದ್ದ ಸಂಬಳದ ಹುಡುಗರು ಕೂತಿದ್ದರು. ಅವರೂ ಪಾಪ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲಾ ಉರಿದುಹೋಯ್ತು.

ನಾನು ಎರಡೂ ಕಡೆ ಇದ್ದವಳು, ನಿಮಗೆ ಗೊತ್ತೇ ಇದೆ. ಮೊದಲು ಸ್ವಯಂಸೇವಕಿ, ಆಮೇಲೆ ಸಂಬಳದ ಇಎಂಟಿ, ಅಂದರೆ ಆಂಬುಲೆನ್ಸ್ ಜೊತೆ ಹೋಗಿ ತುರ್ತು ಚಿಕಿತ್ಸೆ ಕೊಡುವವಳು. ಸಂಬಳ ಶುರುವಾದ ಮೇಲೆ ನನ್ನ ಕರುಣೆ ಎಲ್ಲಿಗೂ ಹೋಗಲಿಲ್ಲ.

ಹೃದಯ ನಿಂತವರಿಗೆ ಸಿಪಿಆರ್ ಕೊಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಎದೆಯ ನಡುವೆ ಅಂಗೈ ಊರಿ, ಮೊಣಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ 5 ಸೆಂಟಿಮೀಟರ್‌ನಷ್ಟಾದರೂ ಕೆಳಗಿಳಿಯಬೇಕು. ಕೈಯಡಿ ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸುವ ಹಾಗಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಯಾಕೆಂದರೆ ಎಂಥ ಗಟ್ಟಿ ಆಳಾದರೂ ಅಷ್ಟರಲ್ಲಿ ಸುಸ್ತಾಗಿ ಒತ್ತುವುದು ಸಡಿಲವಾಗುತ್ತದೆ. ಇದಕ್ಕೆ ಬೇಕಾದದ್ದು ಅಭ್ಯಾಸ, ಮತ್ತೆ ಮತ್ತೆ ಅಭ್ಯಾಸ. ಅಭ್ಯಾಸಕ್ಕೆ ಸಮಯ ಬೇಕು. ಮನೆ ಬಾಡಿಗೆಗಾಗಿ ಇನ್ನೊಂದು ಕೆಲಸ ಮಾಡುವವರು ಆ ಸಮಯ ಎಲ್ಲಿಂದ ತರಬೇಕು?

1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಶುರುವಾಯ್ತು. ಅಲ್ಲಿಗೆ ಸೇರಿದವರು ಕಪ್ಪು ಜನರ ಬಡಾವಣೆಯ ಯುವಕರು. ಎಷ್ಟೋ ಜನರಿಗೆ ಅದಕ್ಕೂ ಮೊದಲು ಸರಿಯಾದ ಕೆಲಸವೇ ಇರಲಿಲ್ಲ. ಅವರಿಗೆ ಸಂಬಳ ಬೇಕಿತ್ತು, ಸಂಬಳಕ್ಕೇ ಬಂದರು. ಡಾ. ಪೀಟರ್ ಸಾಫರ್ ಅನ್ನುವ ವೈದ್ಯರು ಈ ಯುವಕರಿಗೆ ಆ ಕಾಲದಲ್ಲಿ ಯಾರೂ ಕೊಡದಂಥ ತರಬೇತಿ ಕೊಡಿಸಿದರು. ಇವತ್ತಿನ ಪ್ಯಾರಾಮೆಡಿಕ್ ಕೆಲಸಕ್ಕೆ, ಅಂದರೆ ಆಸ್ಪತ್ರೆ ಮುಟ್ಟುವ ಮೊದಲೇ ಚಿಕಿತ್ಸೆ ಕೊಡುವ ಕೆಲಸಕ್ಕೆ, ದಾರಿ ಹಾಕಿದವರಲ್ಲಿ ಆ ಯುವಕರೂ ಇದ್ದಾರೆ. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿತು. ಫ್ರೀಡಂ ಹೌಸ್ ಮುಚ್ಚಿತು, ಅಲ್ಲಿಂದ ನಗರದ ಸೇವೆಗೆ ಸೇರಿದ ಹಲವರು ಒಬ್ಬೊಬ್ಬರಾಗಿ ಹೊರಬೀಳಬೇಕಾಯ್ತು. ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಂತ ಸ್ವಯಂಸೇವಕರು ಕಡಿಮೆ ಅಂತಲ್ಲ. 1928ರಲ್ಲೇ ಅಮೆರಿಕದ ವರ್ಜೀನಿಯಾದ ರೋನೋಕ್‌ನಲ್ಲಿ ಜೂಲಿಯನ್ ಸ್ಟ್ಯಾನ್ಲಿ ವೈಸ್ ತಮ್ಮ ಗೆಳೆಯರನ್ನು ಕಟ್ಟಿಕೊಂಡು ಸ್ವಯಂಸೇವಕ ರಕ್ಷಣಾ ಪಡೆ ಮಾಡಿದರು. ಜನ ವಿರಳವಾಗಿರುವ, ತಿಂಗಳಿಗೆ ಕೆಲವೇ ಕರೆ ಬರುವ ಜಾಗಗಳಲ್ಲಿ ಇವತ್ತಿಗೂ ಸ್ವಯಂಸೇವಕರೇ ಗತಿ. ಅವರನ್ನು ಕಂಡರೆ ನನಗೆ ತುಂಬು ಗೌರವ.

ನನ್ನ ಸಿಟ್ಟು ಸ್ವಯಂಸೇವಕರನ್ನು ತೋರಿಸಿ, ಸಂಬಳಕ್ಕೆ ದುಡಿಯುವವರಿಗೆ ಸಂಬಳ ಕೊಡದೆ ಇರುವವರ ಮೇಲೆ. "ದುಡ್ಡು ಕೊಟ್ಟರೆ ಸೇವಾಭಾವ ಹೋಗುತ್ತೆ" ಅನ್ನುತ್ತಾರಲ್ಲ, ಅವರ ಮೇಲೆ. ಆಪರೇಷನ್ ಮಾಡುವ ಡಾಕ್ಟರಿಗೆ ಇದನ್ನು ಯಾರಾದರೂ ಹೇಳುತ್ತಾರಾ? ಸ್ಟ್ರೆಚರ್ ಹೊತ್ತು ಮಹಡಿ ಇಳಿಯುವವರಿಗೆ ಮಾತ್ರ ಯಾಕೆ ಈ ಪರೀಕ್ಷೆ? ಇನ್ನು ಆ ಸ್ವಯಂಸೇವಕರನ್ನಾದರೂ ಸರಿಯಾಗಿ ನೋಡಿಕೊಳ್ಳುತ್ತಾರಾ? ಅದೂ ಇಲ್ಲ. ನಾನಿದ್ದ ತಂಡದಲ್ಲಿ ಗ್ಲೌಸ್ ನಾವೇ ಕೊಳ್ಳುತ್ತಿದ್ದೆವು. ಡೀಸೆಲ್‌ಗೆ ನಾವೇ ದುಡ್ಡು ಹಾಕುತ್ತಿದ್ದೆವು. ಸೊಂಟ ಹಿಡಿದುಕೊಂಡರೆ ಚಿಕಿತ್ಸೆಯ ಖರ್ಚೂ ನಮ್ಮದೇ. ವಿಮೆ ಅನ್ನುವ ಮಾತೇ ಇರಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಒಂದು ಮಗು ನಮ್ಮ ಕೈಯಲ್ಲೇ ಹೋಯ್ತು. ಆಗ ನಾನು ಸಂಬಳದಲ್ಲಿದ್ದೆ. ವಾಪಸ್ ಬಂದು ಆಮ್ಲಜನಕದ ಸಣ್ಣ ಮಾಸ್ಕ್ ಬಿಸಾಕಿ, ಹೊಸದು ಜೋಡಿಸಿಟ್ಟು, ಸ್ಟ್ರೆಚರ್ ಒರೆಸಿ, ಮುಂದಿನ ಕರೆಗೆ ಗಾಡಿ ಹತ್ತಿದೆ. ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ತಿಂಗಳ ಕೊನೆಗೆ ಬಂದ ದುಡ್ಡಿನಿಂದ ಆ ಸಂಕಟ ಒಂದು ಚೂರೂ ಇಳಿಯಲಿಲ್ಲ. ಸಂಬಳ ಇದ್ದಿದ್ದಕ್ಕೆ ಕೆಲಸ ಬಿಡದೆ ಉಳಿದೆ, ಅಷ್ಟೇ.

ನಿಮ್ಮಲ್ಲಿ ಕೆಲವರು ಇಂಥ ಸಂಸ್ಥೆಗಳಿಗೆ ದೇಣಿಗೆ ಕೊಡುತ್ತೀರಿ, ಕಮಿಟಿಗಳಲ್ಲೂ ಇದ್ದೀರಿ. ಮುಂದಿನ ಮೀಟಿಂಗ್‌ನಲ್ಲಿ ವಿಮೆಗೆ ಎಷ್ಟು ಇಟ್ಟಿದ್ದೀರಿ, ತರಬೇತಿಗೆ ಎಷ್ಟು, ರಾತ್ರಿ ಪಾಳಿಯವರ ಸಂಬಳಕ್ಕೆ ಎಷ್ಟು ಅಂತ ಕೇಳಿ. ಬಾಯಿಮಾತಿನ ಉತ್ತರ ಒಪ್ಪಬೇಡಿ. ಲೆಕ್ಕ ಕಾಗದದ ಮೇಲೆ ಕೊಡಿ ಅನ್ನಿ.